ತಲೆಯಾಡಿಸಿದ ಮೇಲೆ

"ಅಮ್ಮಾ, ದೊಡ್ಡಮ್ಮ ಯಾರ ಕಡೆ?"

ಪುಟ್ಟಿ ಹೀಗೆ ಕೇಳಿದಾಗ ಅವಳ ಅಮ್ಮ ಭಾನುವಾರದ ಇಸ್ತ್ರಿಗೆ ನಿಂತಿದ್ದಳು. ಮಗಳ ಕೆನ್ನೆಯ ಮೇಲೆ ಕಣ್ಣೀರು ಒಣಗಿ ಗೆರೆ ಎಳೆದಿತ್ತು. ಕೆಳಗೆ ಅಂಗಳದಲ್ಲಿ ಮೂರು ಚಕ್ರದ ಸೈಕಲ್ಲಿಗಾಗಿ ಪಕ್ಕದ ಕಟ್ಟಡದ ಹುಡುಗಿಯ ಜೊತೆ ಜಟಾಪಟಿ ಆಗಿತ್ತಂತೆ. ಅಷ್ಟರಲ್ಲಿ ಎದುರುಮನೆಯ ದೊಡ್ಡಮ್ಮ ತರಕಾರಿ ಚೀಲ ಹಿಡಿದುಕೊಂಡು ಬಂದರಂತೆ. ಇನ್ನೇನು ತನ್ನ ಪರ ನಿಂತು ಸೈಕಲ್ ಕೊಡಿಸುತ್ತಾರೆ ಎಂದು ಇವಳು ಕಾದರೆ, ಆ ಹುಡುಗಿ ಸೈಕಲ್ ಯಾಕೆ ಬಿಟ್ಟುಕೊಡುತ್ತಿಲ್ಲ ಎನ್ನುವುದನ್ನು ಅವರು ಆ ಹುಡುಗಿಗಿಂತ ಚೆನ್ನಾಗಿ ಹೇಳಿಬಿಟ್ಟರಂತೆ. ಆಮೇಲೆ ಪುಟ್ಟಿಯ ಮಾತನ್ನೂ ಹಾಗೇ ಹೇಳಿದರಂತೆ.

"ಕೊನೆಗೆ ಸೈಕಲ್ ಯಾರಿಗೆ ಸಿಕ್ತು?"

"ಯಾರಿಗೂ ಇಲ್ಲ. ಬೆಕ್ಕು ಬಂತು, ನಾವಿಬ್ರೂ ಅದರ ಹಿಂದೆ ಹೋದ್ವಿ. ಅದಿರ್ಲಿ ಅಮ್ಮಾ, ದೊಡ್ಡಮ್ಮ ಯಾರ ಕಡೆ?"

ಬೇರೆ ಭಾನುವಾರವಾಗಿದ್ದರೆ ಅಮ್ಮ ನಕ್ಕುಬಿಡುತ್ತಿದ್ದಳು. ಈ ವಾರ ನಗು ಬರಲಿಲ್ಲ. ಇಸ್ತ್ರಿಪೆಟ್ಟಿಗೆ ಅಂಗಿಯ ಕಾಲರಿನ ಮೇಲೆ ಒಂದು ಗಳಿಗೆ ಹೆಚ್ಚಿಗೆ ನಿಂತು ಸಣ್ಣಗೆ ಸೀದ ವಾಸನೆ ಬಂತು. "ಹೋಗಿ ಮುಖ ತೊಳ್ಕೊ" ಎಂದಳು.

ದೊಡ್ಡಮ್ಮ ಎಂದರೆ ಸಂಬಂಧದ ದೊಡ್ಡಮ್ಮನಲ್ಲ. ಮೆಟ್ಟಿಲು ಹತ್ತಿ ಬಂದರೆ ಎದುರುಬದುರು ಎರಡು ಬಾಗಿಲು, ಒಂದು ಪುಟ್ಟಿಯವರದು, ಇನ್ನೊಂದು ಅವರದು. ಎರಡೂ ತೆರೆದಿದ್ದರೆ ಮಗುವಿನ ಲೆಕ್ಕದಲ್ಲಿ ಅದು ಒಂದೇ ಮನೆ. ಪುಟ್ಟಿಯ ಅಮ್ಮ ಅವರನ್ನು ಅಕ್ಕ ಎನ್ನುತ್ತಾಳೆ. ಬೆಳಿಗ್ಗೆ ಇಬ್ಬರೂ ಒಂದೇ ಬಸ್ಸು ಹತ್ತಿ ವಿಶ್ವವಿದ್ಯಾಲಯದ ಗೇಟಿನ ಮುಂದೆ ಇಳಿಯುತ್ತಾರೆ. ಗೇಟು ದಾಟಿದ್ದೇ ತಡ, ಅಕ್ಕ ಹೋಗಿ ಮೇಡಂ ಆಗುತ್ತಾರೆ. ಅಕ್ಕ ತತ್ವಶಾಸ್ತ್ರ ವಿಭಾಗದ ಮುಖ್ಯಸ್ಥೆ. ಮುಖ್ಯಸ್ಥೆ ಅಂದಕೂಡಲೇ ಹೆದರಬೇಕಾಗಿಲ್ಲ, ವಿಭಾಗದಲ್ಲಿ ಈಗ ಉಳಿದಿರುವ ಮೇಷ್ಟ್ರು ಅವರೊಬ್ಬರೇ. "ನನಗೆ ನಾನೇ ರಜೆ ಚೀಟಿ ಬರೆದು ನಾನೇ ಮಂಜೂರು ಮಾಡ್ಕೋತೀನಿ. ಒಂದೆರಡು ಸಲ ತಿರಸ್ಕಾರವೂ ಮಾಡಿದ್ದೀನಿ" ಎಂದು ಅವರೇ ಹೇಳಿಕೊಳ್ಳುತ್ತಿದ್ದರು.

ಪುಟ್ಟಿಯ ಅಮ್ಮ ಆಡಳಿತ ಕಟ್ಟಡದ ಸಭಾ ಶಾಖೆಯಲ್ಲಿ ಗುಮಾಸ್ತೆ, ಇನ್ನೂ ಹಂಗಾಮಿ. ದೊಡ್ಡ ಸಭೆಗಳಲ್ಲಿ ಮೂಲೆಯ ಸಣ್ಣ ಮೇಜಿನ ಮುಂದೆ ಕೂತು ಯಾರು ಏನೆಂದರು ಎಂದು ಗೀಚಿಕೊಳ್ಳುವುದು, ಆಮೇಲೆ ಅದನ್ನು ನಡಾವಳಿಯಾಗಿ ಟೈಪು ಮಾಡುವುದು ಅವಳ ಕೆಲಸ. ನಡಾವಳಿಗೆ ಜಗಳ, ಕೆಮ್ಮು, ವ್ಯಂಗ್ಯ ಯಾವುದೂ ಬೇಡ. ಕೊನೆಗೆ ಏನು ನಿಂತಿತೋ ಅಷ್ಟೇ ಬೇಕು. ಗಂಟಲು ಹರಿಯುವ ಹಾಗೆ ಕೂಗಾಡಿದ ಇಬ್ಬರು ಪ್ರಾಧ್ಯಾಪಕರು ಅವಳ ಟೈಪಿನಲ್ಲಿ 'ವಿವರವಾಗಿ ಚರ್ಚಿಸಲಾಯಿತು' ಎಂಬ ಒಂದು ಸಾಲಿನೊಳಗೆ ತೆಪ್ಪಗೆ ಮಲಗುತ್ತಿದ್ದರು.

ಅಕ್ಕನ ಪಾಠದ ಕೋಣೆ ಕಲಾ ಕಟ್ಟಡದ ಕೊನೆಯಲ್ಲಿ, ಮೆಟ್ಟಿಲ ಪಕ್ಕ. ಅಲ್ಲಿ ಒಂದು ಕಟ್ಟುಪಾಡು ಇತ್ತು. ಒಬ್ಬರ ಮಾತನ್ನು ಅಲ್ಲಗಳೆಯಬೇಕಾದರೆ ಮೊದಲು ಆ ಮಾತನ್ನು ಅವರ ಪರವಾಗಿ ನೀವೇ ಹೇಳಬೇಕು. ಗೇಲಿ ಕೂಡದು, ಮೊಟಕು ಮಾಡುವುದು ಕೂಡದು. ಆ ಮಾತಿನ ಒಡೆಯ "ಹೌದು, ನಾನು ಹೇಳಿದ್ದು ಇದನ್ನೇ" ಎಂದು ತಲೆಯಾಡಿಸಬೇಕು. ಆ ತಲೆ ಆಡುವ ತನಕ ನಿಮ್ಮ ಮಾತಿಗೆ ಹಕ್ಕಿಲ್ಲ. ಸತ್ತು ಎಷ್ಟೋ ಕಾಲವಾದವರ ಮಾತಾದರೆ ಕ್ಲಾಸಿನ ಒಬ್ಬರು ಅವರ ವಕೀಲರಾಗಿ ಕೂತು ತಲೆಯಾಡಿಸಬೇಕು. ಎಷ್ಟೋ ದಿನ ಗಂಟೆ ಹೊಡೆದರೂ ಒಂದು ತಲೆಯೂ ಆಡುತ್ತಿರಲಿಲ್ಲ, ಮಾರನೆಯ ದಿನ ಅಲ್ಲಿಂದಲೇ ಮುಂದುವರಿಯುತ್ತಿತ್ತು. ವಿದ್ಯಾರ್ಥಿಗಳು ಬೆನ್ನ ಹಿಂದೆ ಅವರಿಗೆ 'ತಕ್ಕಡಿ ಮೇಡಂ' ಎಂದು ಹೆಸರಿಟ್ಟಿದ್ದರು. ಗೊತ್ತಾದ ದಿನ ಅಕ್ಕ ಬೇಜಾರು ಮಾಡಿಕೊಳ್ಳಲಿಲ್ಲ. ಹಾಗೆ ಕರೆಯುವುದು ಯಾಕೆ ಸರಿ ಎಂದು ಅವರ ಪರವಾಗಿ ವಾದ ಹೂಡಿ ಇಡೀ ಕ್ಲಾಸಿನ ತಲೆಯಾಡಿಸಿ ಬಂದರು.

ಈ ಚಾಳಿ ಕ್ಲಾಸಿನಲ್ಲೇ ನಿಂತಿದ್ದರೆ ಚಿಂತೆಯಿರಲಿಲ್ಲ, ಮನೆಗೂ ಬಂತು. ಅಕ್ಕನ ಗಂಡ, ಪುಟ್ಟಿಯ ಬಾಯಲ್ಲಿ ದೊಡ್ಡಪ್ಪ, ಬಸ್ ನಿಲ್ದಾಣದ ಹತ್ತಿರ ಕನ್ನಡಕದ ಅಂಗಡಿ ಇಟ್ಟುಕೊಂಡವರು. ಅಂಗಡಿಗೆ ಬಂದವರ ಹತ್ತಿರವೆಲ್ಲ ಅವರದು ಒಂದೇ ದೂರು.

"ಇವಳ ಜೊತೆ ಜಗಳ ಆಡೋ ಯೋಗ ನನಗಿಲ್ಲಪ್ಪ. ನಾನು ಬಾಯಿ ತೆಗೆಯೋ ಮುಂಚೆ ನನ್ನ ಮಾತನ್ನ ನನಗಿಂತ ಜೋರಾಗಿ ಹೇಳಿಬಿಡ್ತಾಳೆ. ಆಮೇಲೆ ನಾನೇನು ಮಾತಾಡ್ಲಿ? ಸುಮ್ನೆ ಕೂತು ಊಟ ಮಾಡ್ತೀನಿ."

ಪುಟ್ಟಿಯ ಅಮ್ಮನಿಗೂ ಇದರ ರುಚಿ ಗೊತ್ತಿತ್ತು. ಮಗುವಾದ ಮೇಲೆ ಕೆಲಸಕ್ಕೆ ಹೋಗುವ ವಿಷಯಕ್ಕೆ ಗಂಡ ಹೆಂಡತಿ ಮಾತು ಬಿಟ್ಟ ಕಾಲ ಒಂದಿತ್ತು. ಪುಟ್ಟಿಯ ಅಪ್ಪ ಸಾಮಾನು ಸಾಗಿಸುವ ವ್ಯಾನಿನ ಚಾಲಕ, ಮನೆಗೆ ಬರುವ ಹೊತ್ತಿಗೆ ಲಂಗುಲಗಾಮಿಲ್ಲ. ಒಂದು ಸಂಜೆ ಅಕ್ಕ ಬಂದು ಇಬ್ಬರನ್ನೂ ಅಡುಗೆಮನೆಯ ನೆಲದ ಮೇಲೆ ಎದುರುಬದುರು ಕೂರಿಸಿದರು. "ನೀನು ಅವನ ಮಾತು ಹೇಳು. ಅವನು ತಲೆಯಾಡಿಸ್ಲಿ. ಆಮೇಲೆ ಅವನು ನಿನ್ನದು ಹೇಳ್ತಾನೆ." ಅವಳಿಗೆ ಮೈಯೆಲ್ಲ ಉರಿಯಿತು. ಆದರೂ ಹೇಳಿದಳು: ಮಗು ಬಿದ್ದರೆ ಎತ್ತುವವರು ಯಾರು ಎಂದು ನಿನಗೆ ಭಯ, ನಾನು ದುಡಿದರೆ ನಾಲ್ಕು ಜನ ಏನಂತಾರೋ ಎಂದು ಭಯ. ಅವನು ಅಡ್ಡಡ್ಡ ತಲೆಯಾಡಿಸಿದ. "ಜನ ಏನಾದ್ರೂ ಅಂದ್ಕೊಳ್ಲಿ. ನೀನು ಹೊರಗೆ ಹೋದ್ರೆ ನಾನು ನಿನಗೆ ಬೇಡವಾಗಿಬಿಡ್ತೀನೇನೋ ಅಂತ." ಇದು ಅವಳಿಗೆ ಗೊತ್ತೇ ಇರಲಿಲ್ಲ. ಅವನಿಗೂ ಆ ಗಳಿಗೆಯ ತನಕ ಗೊತ್ತಿರಲಿಲ್ಲವೇನೋ, ಹೇಳಿ ತಾನೇ ಗಾಬರಿಯಾಗಿ ಕೂತ. ಮುಂದಿನ ತಿಂಗಳು ಅವಳು ಕೆಲಸಕ್ಕೆ ಸೇರಿದಳು.

ವಿಭಾಗದಲ್ಲಿ ಓದಿದವರು ದೊಡ್ಡ ದೊಡ್ಡ ಕೆಲಸಕ್ಕೇನೂ ಹೋಗಿರಲಿಲ್ಲ. ಅವರಲ್ಲಿ ಒಬ್ಬಳು ದೊಡ್ಡಾಸ್ಪತ್ರೆಯ ದೂರು ಕಿಟಕಿಯಲ್ಲಿ ಕೂರುತ್ತಾಳೆ. ಒಮ್ಮೆ ಅಕ್ಕನನ್ನು ನೋಡಲು ಮನೆಗೆ ಬಂದಿದ್ದಾಗ ಪುಟ್ಟಿಯ ಅಮ್ಮನೂ ಅಲ್ಲೇ ಇದ್ದಳು. "ಮೇಡಂ, ನಿಮ್ಮ ಪಾಠದಿಂದ ನನಗೆ ಕೆಲಸ ಸಿಗ್ಲಿಲ್ಲ, ಸುಳ್ಳು ಯಾಕೆ ಹೇಳ್ಲಿ" ಎಂದಳು ಆಕೆ. "ಆದ್ರೆ ಆ ಕಿಟಕಿಯಲ್ಲಿ ನನಗಿಂತ ಮುಂಚೆ ಕೂತವರೆಲ್ಲ ಜನರ ಕೈಲಿ ಏಟು ತಿಂದು ಓಡಿಹೋದ್ರು. ನಾನು ಇನ್ನೂ ಇದ್ದೀನಿ. ತಂದೆ ತೀರಿಕೊಂಡವನು ಬಂದು ಗಾಜು ಗುದ್ದುತ್ತಾನೆ. ಅವನ ಮಾತನ್ನ ಅವನಿಗೇ ಹೇಳಿ ತೋರಿಸ್ತೀನಿ. ಮೂರನೇ ಸಲಕ್ಕೋ ನಾಲ್ಕನೇ ಸಲಕ್ಕೋ ತಲೆಯಾಡಿಸ್ತಾನೆ. ಆಮೇಲೆ ಅಳ್ತಾನೆ."

ಇಂಥ ಅಕ್ಕನ ವಿಭಾಗ ಕಳೆದ ವಾರ ಸಭೆಯ ಮುಂದೆ ಬಂತು.

ವಿಷಯ ಎಲ್ಲರಿಗೂ ಮೊದಲೇ ತಿಳಿದಿತ್ತು. ಬರುವ ವರ್ಷದಿಂದ ತತ್ವಶಾಸ್ತ್ರಕ್ಕೆ ಹೊಸಬರನ್ನು ಸೇರಿಸಿಕೊಳ್ಳುವುದು ಬೇಡ, ಈಗಿರುವವರು ಓದು ಮುಗಿಸಿದ ಮೇಲೆ ಬಾಗಿಲು ಮುಚ್ಚುವುದು, ಕೋಣೆಯನ್ನು ಈಗಲೇ ಕಂಪ್ಯೂಟರ್ ವಿಭಾಗಕ್ಕೆ ಕೊಡುವುದು. ಅಕ್ಕನನ್ನು ವಾಣಿಜ್ಯ ಕಟ್ಟಡಕ್ಕೆ ಕಳಿಸಿ, ಸಂದರ್ಶನದಲ್ಲಿ ಹೇಗೆ ಮಾತಾಡಬೇಕು ಎಂದು ಹೇಳಿಕೊಡುವ ಪಾಠಕ್ಕೆ ಹಾಕುವುದು. ಮುಖ್ಯಸ್ಥರಿಗೆ ಮಾತಾಡಲು ಅವಕಾಶವಿತ್ತು. ಮಾತಾಡಿ ಅರ್ಧದಷ್ಟು ಜನರನ್ನು ಒಲಿಸಿಕೊಂಡರೂ ವಿಭಾಗ ಉಳಿಯುವ ಹಾಗಿತ್ತು. ಇಬ್ಬರು ಮೂವರು ಸದಸ್ಯರು ಹಾಗೆಂದು ಚಹಾದ ಹೊತ್ತಿನಲ್ಲಿ ಹೇಳಿಯೂ ಇದ್ದರು: "ಮೇಡಂ ಗಟ್ಟಿಯಾಗಿ ನಿಂತ್ರೆ ನಾವೂ ನಿಲ್ತೀವಿ."

ಸಭಾಂಗಣದಲ್ಲಿ ಉದ್ದನೆಯ ಮೇಜು, ಮುಚ್ಚಳ ಹಾಕಿದ ನೀರಿನ ಲೋಟಗಳು. ಅಧ್ಯಕ್ಷರ ಕೈಯಳತೆಯಲ್ಲಿ ಒತ್ತುವ ಗಂಟೆ. ಒಬ್ಬರ ಸಮಯ ಮುಗಿದರೆ ಅವರು ಅದನ್ನು ಒತ್ತುತ್ತಾರೆ. ಪುಟ್ಟಿಯ ಅಮ್ಮ ಮೂಲೆಯಲ್ಲಿ ಪೆನ್ನು ಹಿಡಿದು ಕೂತಿದ್ದಳು, ಪಕ್ಕದಲ್ಲಿ ಹಿರಿಯ ಗುಮಾಸ್ತರು. ಮೊದಲು ಹಣಕಾಸು ಅಧಿಕಾರಿ ಮಾತಾಡಿದರು. ಖರ್ಚು, ಕೋಣೆ, ವಿದ್ಯಾರ್ಥಿಗಳ ಸಂಖ್ಯೆ ಎಂದು ಒಣಒಣವಾಗಿ ಓದಿ ಕೂತರು. ಓದಿದ್ದು ಯಾರ ಕಿವಿಗೂ ಬಿದ್ದ ಹಾಗಿರಲಿಲ್ಲ.

ಅಕ್ಕ ಎದ್ದು ನಿಂತರು. "ಅಧಿಕಾರಿಗಳು ಹೇಳಿದ್ದನ್ನ ನಾನು ಸರಿಯಾಗಿ ತಿಳ್ಕೊಂಡಿದ್ದೀನಾ ನೋಡ್ತೀನಿ" ಎಂದು ಶುರು ಮಾಡಿದರು.

ಪುಟ್ಟಿಯ ಅಮ್ಮ ಗೋಡೆಯ ಗಡಿಯಾರ ನೋಡಿದಳು.

ಅಕ್ಕನ ದನಿ ಏರಲಿಲ್ಲ, ಇಳಿಯಲಿಲ್ಲ. ಕಂಪ್ಯೂಟರ್ ವಿಭಾಗದ ಮಕ್ಕಳು ಕಾರಿಡಾರಿನ ನೆಲದ ಮೇಲೆ ಕೂತು ಬರೆದುಕೊಳ್ಳುವುದನ್ನು ಹೇಳಿದರು, ಅವರ ಮಂಡಿಗೆ ಮೆತ್ತಿದ ಧೂಳನ್ನೂ ಬಿಡಲಿಲ್ಲ. ತಮ್ಮ ವಿಭಾಗಕ್ಕೆ ಸೇರುವವರಲ್ಲಿ ಎಷ್ಟೋ ಜನ ಬೇರೆಲ್ಲೂ ಸೀಟು ಸಿಗದೆ ಬಂದವರು, ಬಂದ ಮೇಲೆ ಅದನ್ನು ಮನೆಯಲ್ಲಿ ಮುಚ್ಚಿಡುವವರು ಎಂದರು. ಪ್ರವೇಶದ ದಿನ ಮಗನ ಜೊತೆ ಬಂದ ಒಬ್ಬ ತಂದೆ, "ಇದನ್ನ ಓದಿದ್ರೆ ಇವನು ಏನಾಗ್ತಾನೆ ತಾಯಿ?" ಎಂದು ಕೇಳಿದ್ದನ್ನು ಹೇಳಿದರು. "ಅದು ದಡ್ಡತನದ ಪ್ರಶ್ನೆ ಅಲ್ಲ. ಅವರ ಆಯಸ್ಸಿನ ಬೆವರು ಆ ಪ್ರಶ್ನೆಯಲ್ಲಿದೆ. ಅವರಿಗೆ ಉತ್ತರ ಕೊಡದೆ ಅವರ ಮಗನ ಮೂರು ವರ್ಷ ತಗೊಳ್ಳೋ ಹಕ್ಕು ನನಗಿದೆಯಾ ಅಂತ ಅಧಿಕಾರಿಗಳು ಕೇಳ್ತಿದ್ದಾರೆ. ಕೇಳಬೇಕಾದ್ದೇ."

ಮೇಜಿನ ಸುತ್ತ ನೀರು ಕುಡಿಯುವವರು ಕುಡಿಯುವುದು ನಿಲ್ಲಿಸಿದ್ದರು. ಮೊದಲು ಹಣಕಾಸು ಅಧಿಕಾರಿ ತಲೆಯಾಡಿಸಿದರು. "ನಾನು ಬರ್ಕೊಂಡು ಬಂದಿದ್ದಕ್ಕಿಂತ ಚೆನ್ನಾಗಿದೆ" ಎಂದರು, ನಿಜವಾಗಿಯೂ ಮನಸ್ಸು ತುಂಬಿ. ಅವರ ಪಕ್ಕದವರು ತಲೆಯಾಡಿಸಿದರು. ಮೇಡಂ ನಿಂತರೆ ನಾವೂ ನಿಲ್ಲುತ್ತೇವೆ ಎಂದಿದ್ದವರೂ ತಲೆಯಾಡಿಸಿದರು. ಅಧ್ಯಕ್ಷರದು ಕೊನೆಯ ತಲೆ.

ಅಕ್ಕನ ಕ್ಲಾಸಿನಲ್ಲಿ ತಲೆಯಾಡಿದರೆ ಅಲ್ಲಿಂದ ಆಟ ಶುರು. ಈ ಕೋಣೆಯಲ್ಲಿ ತಲೆಯಾಡಿದರೆ ಆಟ ಮುಗಿಯಿತು. ಅಕ್ಕನಿಗೆ ಅದು ಹೊಳೆಯಲೇ ಇಲ್ಲ. ಎಲ್ಲರ ತಲೆ ಆಡಿದ್ದನ್ನು ನೋಡಿ ಅವರ ಮುಖದಲ್ಲಿ, ಕಷ್ಟದ ಪಾಠ ದಾಟಿದ ಮೇಲೆ ಬರುವಂಥ ನಿರಾಳ ಬಂತು. ಲೋಟದ ಮುಚ್ಚಳ ತೆಗೆದು ಒಂದು ಗುಟುಕು ನೀರು ಕುಡಿದರು. ಒಂದು ಉಸಿರು ಎಳೆದುಕೊಂಡರು. ಇನ್ನು ತಮ್ಮ ಮಾತು.

ಗಂಟೆ ಬಾರಿಸಿತು.

"ಮುಖ್ಯಸ್ಥರೇ ಇಷ್ಟು ದೊಡ್ಡ ಮನಸ್ಸಿನಿಂದ ಒಪ್ಪಿಕೊಂಡಿದ್ದಾರೆ" ಎಂದರು ಅಧ್ಯಕ್ಷರು. "ನಾನು ಜಗಳ ಆಗುತ್ತೆ ಅಂತಲೇ ಹೆದರಿದ್ದೆ."

"ಇಲ್ಲ, ಇನ್ನೂ..." ಎಂದರು ಅಕ್ಕ.

"ಎಲ್ಲ ಬಂತು ಮೇಡಂ, ಒಂದೂ ಬಿಟ್ಟಿಲ್ಲ ನೀವು. ಕೂತ್ಕೊಳ್ಳಿ ಕೂತ್ಕೊಳ್ಳಿ." ಯಾರೋ ಮೇಜು ತಟ್ಟಿದರು. ಇನ್ನು ಕೆಲವರೂ ತಟ್ಟಿದರು. ಮುಂದಿನ ವಿಷಯ, ಸ್ಕೂಟರುಗಳಿಗೆ ನೆರಳಿನ ಚಪ್ಪರ.

ಅಕ್ಕ ಅರೆಗಳಿಗೆ ಹಾಗೇ ನಿಂತಿದ್ದರು, ಬಸ್ಸಿನಲ್ಲಿ ತಮ್ಮ ನಿಲ್ದಾಣ ದಾಟಿಹೋದದ್ದನ್ನು ನೋಡುವವರ ಹಾಗೆ. ಆಮೇಲೆ ಕೂತರು. ಲೋಟಕ್ಕೆ ಮುಚ್ಚಳ ಹಾಕಿದರು. ಮೂಲೆಯಲ್ಲಿ ಪುಟ್ಟಿಯ ಅಮ್ಮನ ಪೆನ್ನು ಕಾಗದದ ಮೇಲೆ ನಿಂತೇ ಇತ್ತು. ಗುಮಾಸ್ತರು ಸಭೆಯಲ್ಲಿ ಬಾಯಿ ತೆರೆಯುವಂತಿಲ್ಲ, ನೆಗಡಿಯಾದರೂ ಹೊರಗೆ ಹೋಗಿ ಸೀನಬೇಕು. ಹಿರಿಯ ಗುಮಾಸ್ತರು ಅವಳ ಕಡೆ ಬಾಗಿ ಪಿಸುಗುಟ್ಟಿದರು. "ಏನು ನೋಡ್ತಾ ಕೂತಿದ್ದೀಯಮ್ಮ? ಬರಿ. ಮುಖ್ಯಸ್ಥರು ಸಮ್ಮತಿಸಿದರು."

ಅವಳು ಬರೆದಳು.

ಸಂಜೆ ಇಬ್ಬರೂ ಒಂದೇ ಸೀಟಿನಲ್ಲಿ ಕೂತು ಮನೆಗೆ ಬಂದರು. ಅಕ್ಕ ಕಿಟಕಿ ಪಕ್ಕ. ನಡುವೆ ಇಳಿದು ಸೋಪು ತೆಗೆದುಕೊಳ್ಳಬೇಕು ಎಂದು ನೆನಪು ಮಾಡಿದರು, ಇಳಿದರು, ತೆಗೆದುಕೊಂಡರು. ಮೆಟ್ಟಿಲು ಹತ್ತುವಾಗ ಅವಳಿಗೆ ತಡೆಯಲಾಗಲಿಲ್ಲ.

"ಅಕ್ಕ, ಬೇಜಾರಾಯ್ತಾ?"

ಅಕ್ಕ ಕಂಬಿ ಹಿಡಿದು ನಿಂತು ಯೋಚಿಸಿದರು, ಪ್ರಶ್ನೆಗೆ ಸರಿಯಾದ ಉತ್ತರ ಕೊಡಬೇಕು ಎನ್ನುವ ಹಾಗೆ. "ಗೊತ್ತಾಗ್ತಾ ಇಲ್ಲ. ಹಲ್ಲು ಕೀಳೋಕೆ ಮುಂಚೆ ಸೂಜಿ ಚುಚ್ಚುತ್ತಾರಲ್ಲ, ಹಾಗಿದೆ. ತುಟಿ ಇದೆಯಾ ಅಂತ ಮುಟ್ಟಿ ನೋಡ್ಕೋಬೇಕು."

"ಗಂಟೆ ಹೊಡೀದೆ ಇದ್ದಿದ್ರೆ ಏನು ಹೇಳ್ತಿದ್ರಿ?"

"ಅದೇ ನೆನಪಾಗ್ತಿಲ್ಲ."

ಆಮೇಲಿನ ದಿನಗಳಲ್ಲಿ ನೋಡುವುದಕ್ಕೆ ಏನೂ ಬದಲಾಗಲಿಲ್ಲ. ಅಕ್ಕ ಅದೇ ಬಸ್ಸಿಗೆ ಹೋದರು, ಅದೇ ಬಸ್ಸಿಗೆ ಬಂದರು. ಕೋಣೆಗೆ ಎಲೆಕ್ಟ್ರಿಶಿಯನ್ ಬಂದು ಗೋಡೆ ಕೊರೆಯುತ್ತಿದ್ದಾಗ ಕೊರೆಯುವ ಸದ್ದು ನಿಂತ ಸಂದುಗಳಲ್ಲಿ ಪಾಠ ಹೇಳಿದರು. ಬೆಂಚುಗಳನ್ನು ಕಾರಿಡಾರಿಗೆ ಹಾಕಿದಾಗ ಕಾರಿಡಾರಿನಲ್ಲಿ ಹೇಳಿದರು. ಮನೆಯಲ್ಲಿ ಒಗೆದ ಬಟ್ಟೆ ಮಡಿಸಿದರು, ಮಡಿಸಿದ್ದನ್ನು ಬಿಚ್ಚಿ ಮತ್ತೆ ಮಡಿಸಿದರು. ಚಹಾಕ್ಕೆ ಸಕ್ಕರೆ ಹಾಕಿಲ್ಲ ಎಂದು ಗಂಡ ಹೇಳಿದರೆ, ಸಕ್ಕರೆ ಇಲ್ಲದ ಚಹಾ ಕುಡಿಯುವುದು ಎಷ್ಟು ಕಷ್ಟ ಎಂದು ಅವರ ಪರವಾಗಿ ಹೇಳುವ ಬದಲು ಡಬ್ಬಿ ತಂದು ಮುಂದಿಟ್ಟರು. ದೊಡ್ಡಪ್ಪನಿಗೆ ದಿಗಿಲಾಯಿತು. ಸಂಜೆ ಅಂಗಡಿ ಬೇಗ ಮುಚ್ಚಿ ಬಂದು ಪುಟ್ಟಿಯ ಅಮ್ಮನ ಬಾಗಿಲಲ್ಲಿ ನಿಂತರು.

"ಏನಮ್ಮಾ, ನಿಮ್ಮಕ್ಕನ ಜೊತೆ ಇವತ್ತು ಬೇಕೂಂತಲೇ ಜಗಳ ತೆಗೆದೆ. ಅವಳ ತವರಿನವರು ಸರಿಯಿಲ್ಲ ಅಂದೆ. ಅವಳು 'ಹೂಂ' ಅಂದ್ಲು. ಅಷ್ಟೇ. ಬರೀ ಹೂಂ. ಇಷ್ಟು ವರ್ಷದಲ್ಲಿ ನಾನು ಗೆದ್ದಿದ್ದು ಇದೇ ಮೊದಲು, ನನಗೆ ಚೂರೂ ಚೆನ್ನಾಗಿಲ್ಲ."

ಪುಟ್ಟಿಯ ಅಮ್ಮನಿಗೆ ಒಂದು ದಾರಿ ಗೊತ್ತಿತ್ತು. ಪ್ರತಿ ಸಭೆಯೂ ಹಿಂದಿನ ಸಭೆಯ ನಡಾವಳಿಯನ್ನು ಒಪ್ಪಿಕೊಳ್ಳುವುದರಿಂದ ಶುರುವಾಗುತ್ತದೆ. ಅದು ಹೆಸರಿಗೆ ಮಾತ್ರ. ಅಧ್ಯಕ್ಷರು "ಒಪ್ಪಿಗೆಯೇ?" ಎನ್ನುತ್ತಾರೆ, ಎಲ್ಲರೂ "ಆಯ್ತಾಯ್ತು" ಎನ್ನುತ್ತಾರೆ. ಆದರೆ ಆ ಹೊತ್ತಿನಲ್ಲಿ ಯಾರಾದರೂ ಎದ್ದು "ಅದು ಹಾಗಲ್ಲ" ಎಂದರೆ ಮಾತಾಡಲು ಬಿಡಲೇಬೇಕು, ಬೇಕಾದರೆ ನಿರ್ಣಯವನ್ನೇ ತಿರುಗಿ ನೋಡಬಹುದು. ಒಪ್ಪಿದ ಮೇಲೆ ಮುಗಿಯಿತು, ಮತ್ತೆ ತೆರೆಯುವಂತಿಲ್ಲ. ಅವಳು ಇದನ್ನು ಅಕ್ಕನಿಗೆ ಬಿಡಿಸಿ ಹೇಳಿದಳು. ಅಕ್ಕ ಬೀನ್ಸ್ ನಾರು ತೆಗೆಯುತ್ತಿದ್ದರು.

"ನೀನು ಬರ್ದಿದ್ದು ತಪ್ಪೇನಲ್ವಲ್ಲ" ಎಂದರು. "ನಾನು ಹೇಳಿದ್ದನ್ನೇ ಬರ್ದಿದ್ದೀಯ. ಹೇಳದೆ ಇದ್ದಿದ್ದನ್ನ ಹೇಗೆ ಬರೀತೀಯ?"

"ನಿಮ್ಮ ಕ್ಲಾಸಾಗಿದ್ರೆ ಆ ಅಧ್ಯಕ್ಷರನ್ನ ಹೊರಗೆ ನಿಲ್ಲಿಸ್ತಿದ್ರಿ."

"ಅವರು ಕಲಿತಿಲ್ಲ. ಕಲೀದೆ ಇರೋರನ್ನ ಹೊರಗೆ ನಿಲ್ಲಿಸೋದು ಹೇಗೆ?" ಎಂದು ಅಕ್ಕ ನಾರನ್ನು ಒಂದು ಕಡೆ, ಕಾಯನ್ನು ಒಂದು ಕಡೆ ಹಾಕಿದರು. ನೋಡಿದರೆ ಎರಡೂ ಒಂದೇ ತಟ್ಟೆಗೆ ಬೀಳುತ್ತಿದ್ದವು. ಪುಟ್ಟಿಯ ಅಮ್ಮ ಸುಮ್ಮನೆ ತಟ್ಟೆ ಎಳೆದುಕೊಂಡು ಬೇರೆ ಮಾಡತೊಡಗಿದಳು.

ಪುಟ್ಟಿ ಯಾರ ಕಡೆ ಎಂದು ಕೇಳಿದ ಭಾನುವಾರ ಅವಳ ಅಮ್ಮನಿಗೆ ನಗು ಬಾರದೆ ಹೋದದ್ದು ಇದಕ್ಕೇ. ಕೇಳಿದ್ದು ಮಗು. ಆದರೆ ಅವಳಿಗೂ ಅಕ್ಕನ ತೋಳು ಹಿಡಿದು ಅಲ್ಲಾಡಿಸಿ ಅದನ್ನೇ ಕೇಳಬೇಕು ಅನ್ನಿಸಿತ್ತು. ಒಂದು ಸಮಾಧಾನವೆಂದರೆ, ಸಭೆಯಾದ ಮೇಲೆ ಅಕ್ಕ ಹಾಗೆ ಎರಡೂ ಕಡೆಯ ಮಾತು ಆಡಿದ್ದು ಆ ಸೈಕಲ್ಲಿನ ಜಗಳದಲ್ಲೇ ಮೊದಲು.

ಮರುದಿನ ಸಂಜೆ ಬಸ್ಸಿನಲ್ಲಿ ಅಕ್ಕ ತಾವಾಗಿ ಮಾತು ತೆಗೆದರು. ದನಿ ಇನ್ನೂ ಮರಗಟ್ಟಿದ ಹಾಗೇ ಇತ್ತು.

"ಕ್ಲಾಸಿನಲ್ಲಿ ವಿಷಯ ಹೇಳಿದೆ. ಹೇಳಲೇಬೇಕಿತ್ತಲ್ಲ. ಮುಂದಿನ ವರ್ಷ ನಿಮ್ಮ ಹಿಂದೆ ಯಾರೂ ಬರಲ್ಲ, ನಾನು ಒಪ್ಕೊಂಡೆ ಅಂತ ಬರ್ಕೊಂಡಿದ್ದಾರೆ ಅಂತ. ಆ ಜಗಳಗಂಟಿ ಇದ್ದಾಳಲ್ಲ..."

ಜಗಳಗಂಟಿಯನ್ನು ಪುಟ್ಟಿಯ ಅಮ್ಮನೂ ಬಲ್ಲಳು. ಕೊನೆಯ ಬೆಂಚಿನವಳು, ತರಕಾರಿ ಮಾರುವವರ ಮಗಳು, ಸೇರಿದ ಮೊದಲ ತಿಂಗಳೆಲ್ಲ ಯಾರ ಮಾತಿಗೂ ತಲೆಯಾಡಿಸದೆ ಇಡೀ ಕ್ಲಾಸನ್ನು ಹೈರಾಣು ಮಾಡಿದವಳು.

"ಅವಳು ಎದ್ದು ನಿಂತ್ಲು. 'ಮೇಡಂ, ನೀವು ಅವರ ಮಾತು ಹೇಳಿದ್ರಿ. ಅವರು ನಮ್ಮ ಮಾತು ಹೇಳಿ ತೋರಿಸಿದ್ರಾ?' ಅಂದ್ಲು. ಇಲ್ಲಮ್ಮ ಅಂದೆ. 'ನಾವು ತಲೆಯಾಡಿಸಿದ್ವಾ?' ಅಂದ್ಲು. ಇಲ್ಲ ಅಂದೆ. 'ಹಾಗಾದ್ರೆ ಅದು ಹೇಗೆ ಮುಗೀತು ಮೇಡಂ? ನೀವು ನಮ್ಮನ್ನ ಹಾಗೆ ಮನೆಗೆ ಹೋಗೋಕೆ ಒಂದಿನ ಆದ್ರೂ ಬಿಟ್ಟಿದ್ದೀರಾ?' ಅಂದ್ಲು."

"ಏನು ಹೇಳಿದ್ರಿ?"

"ಅವಳ ಮಾತನ್ನ ಅವಳಿಗೆ ಹೇಳಿ ತೋರಿಸಿದೆ. ತಲೆಯಾಡಿಸಿದ್ಲು." ಅಕ್ಕ ಕಿಟಕಿಯ ಸರಳನ್ನು ಬೆರಳಿನಿಂದ ಸವರಿದರು. "ಆಮೇಲೆ ಅದನ್ನ ಅಲ್ಲಗಳೆಯೋಕೆ ನನ್ನ ಹತ್ರ ಏನೂ ಇರ್ಲಿಲ್ಲ."

ಮುಂದಿನ ಸಭೆಯ ದಿನ ಗೊತ್ತಾಯಿತು. ಕಾರ್ಯಸೂಚಿಯನ್ನು ಪುಟ್ಟಿಯ ಅಮ್ಮನೇ ಟೈಪು ಮಾಡಿದಳು. ಮೊದಲನೆಯ ವಿಷಯ, ಎಂದಿನಂತೆ, ಹಿಂದಿನ ಸಭೆಯ ನಡಾವಳಿಗೆ ಒಪ್ಪಿಗೆ. ಅದನ್ನು ಅಕ್ಕನಿಗೆ ಹೇಳಿದಳು. ಅಕ್ಕ 'ಹೂಂ' ಎಂದು ಮಡಿಸಿದ ಬಟ್ಟೆ ಎತ್ತಿಟ್ಟರು.

ಸಭೆಯ ಹಿಂದಿನ ದಿನ ಬೆಳಿಗ್ಗೆ ಪುಟ್ಟಿಯ ಅಮ್ಮ ಬಾಗಿಲ ಬೆಳಕಿನಲ್ಲಿ ಕೂತು ಮಗಳಿಗೆ ಜಡೆ ಹೆಣೆಯುತ್ತಿದ್ದಳು. ಎದುರು ಬಾಗಿಲು ತೆರೆಯಿತು. ಅಕ್ಕ ಬಂದು ಹೊಸ್ತಿಲ ಮೇಲೆ ಕೂತರು. ಕೈಯಲ್ಲಿ ಚೀಲ, ಕಾಲಲ್ಲಿ ಚಪ್ಪಲಿ, ಬಸ್ಸಿಗೆ ಇನ್ನೂ ಹೊತ್ತಿತ್ತು.

"ನಾಳೆ ಬರ್ತೀನಿ" ಎಂದರು. "ನಿನ್ನ ಹತ್ರ ಒಂದು ಕೇಳೋದಿದೆ. ಕೇಳೋಕೆ ಮುಂಚೆ ನಿನ್ನ ಕಡೆಯದ್ದು ಹೇಳ್ತೀನಿ, ಸರಿಯಾ ನೋಡು."

"ಅಯ್ಯೋ ಅಕ್ಕ, ನನ್ನ ಹತ್ರಾನೂ ಶುರು ಮಾಡಿದ್ರಾ?"

"ನೀನಿನ್ನೂ ಹಂಗಾಮಿ. ಖಾಯಂ ಮಾಡೋ ಮಾತು ಈ ವರ್ಷ ಇದೆ, ಅದು ಇರೋದು ಅದೇ ಅಧ್ಯಕ್ಷರ ಕೈಲಿ. ಗುಮಾಸ್ತರು ಸಭೆಯಲ್ಲಿ ಬಾಯಿ ಬಿಡಬಾರದು. ಬಿಟ್ಟವರನ್ನ ಹಿರಿಯ ಗುಮಾಸ್ತರು ಎರಡನೇ ಸಲ ಒಳಗೆ ಕೂರಿಸಿಕೊಳ್ಳಲ್ಲ. ಇವಳ ಸ್ಕೂಲು ಇದೆ. ಇವಳಪ್ಪನ ವ್ಯಾನು ಅರ್ಧ ದಿನ ಗ್ಯಾರೇಜಿನಲ್ಲೇ ಇರುತ್ತೆ. ನನ್ನ ಸರ್ವೀಸು ಹೇಗೂ ಮುಗೀತಾ ಬಂತು, ಏನಾದ್ರೂ ಆದ್ರೆ ನನಗಿಂತ ಹೆಚ್ಚು ಕಳ್ಕೊಳ್ಳೋಳು ನೀನು. ಅಲ್ಲದೆ ಇದು ನಿನ್ನ ಜಗಳವೂ ಅಲ್ಲ. ನೀನು ಓದಿದ್ದು ವಾಣಿಜ್ಯ."

ಜಡೆಯ ಎಳೆಗಳು ಪುಟ್ಟಿಯ ಅಮ್ಮನ ಬೆರಳಲ್ಲಿ ಹಾಗೇ ನಿಂತವು. ಸಭೆಯಲ್ಲಿ ತಾನೇ ಬಾಯಿ ಬಿಟ್ಟರೆ ಏನಾದೀತು ಎಂದು ಹಿಂದಿನ ರಾತ್ರಿ ಗಂಡನ ಜೊತೆ ಅವಳು ಆಡಿದ ಮಾತೇ ಇದು, ಇಷ್ಟು ಓರಣವಾಗಿ ಆಡಿರಲಿಲ್ಲ. "ಇನ್ನೊಂದಿದೆ" ಎಂದಳು ಮೆಲ್ಲಗೆ. "ನನಗೆ ಹೆದರಿಕೆ. ಆ ಮೇಜಿನ ಹತ್ರ ನನ್ನ ದನಿ ಹೇಗಿರುತ್ತೆ ಅಂತ ನನಗೇ ಗೊತ್ತಿಲ್ಲ."

"ಅದನ್ನ ಬಿಟ್ಟಿದ್ದೆ. ಸೇರಿಸ್ಕೊಂಡೆ. ಈಗ ಸರಿನಾ?"

ಅವಳು ತಲೆಯಾಡಿಸಿದಳು.

"ಅಮ್ಮಾ, ಕೂದಲು ಎಳೀಬೇಡ" ಎಂದಳು ಪುಟ್ಟಿ.

"ಇನ್ನು ನನ್ನ ಮಾತು" ಎಂದರು ಅಕ್ಕ. ಚೀಲವನ್ನು ಮಡಿಲಿನಿಂದ ಇಳಿಸಿ ಪಕ್ಕಕ್ಕಿಟ್ಟರು. "ನಾಳೆಯೂ ನಾನು ಅವರ ಕಡೆಯಿಂದಲೇ ಶುರು ಮಾಡ್ತೀನಿ. ಬೇರೆ ಥರ ನನಗೆ ಬರಲ್ಲ. ಬರೋದೂ ಬೇಡ. ಆ ಹುಡುಗರಿಗೆ ಇಷ್ಟು ವರ್ಷ ಒಂದು ಹೇಳಿ, ನನ್ನ ಕೋಣೆ ಹೋಗುತ್ತೆ ಅಂತ ನಾನೇ ಇನ್ನೊಂದು ಮಾಡಿದ್ರೆ ಉಳಿಸ್ಕೊಳ್ಳೋಕೆ ಆ ಕೋಣೆಯಲ್ಲಿ ಏನಿರುತ್ತೆ? ಅವರೆಲ್ಲ ತಲೆಯಾಡಿಸ್ತಾರೆ. ನಾನು ಒಂದು ಉಸಿರು ತಗೊಳ್ತೀನಿ. ಆಗ ಅಧ್ಯಕ್ಷರ ಕೈ ಗಂಟೆ ಮೇಲೆ ಹೋಗುತ್ತೆ. ನನಗೆ ಆ ಹೊತ್ತಿನಲ್ಲಿ ಕೂಗೋಕೆ ಆಗಲ್ಲ, ಮೈಯೆಲ್ಲ ಇನ್ನೂ ಜೋಮು ಹಿಡಿದ ಹಾಗೇ ಇದೆ. ಅವರ ಕೈ ಇಳಿಯೋಕೆ ಮುಂಚೆ ನೀನು ಪೆನ್ನು ಕೆಳಗಿಟ್ಟು, 'ಸರ್, ಮೇಡಂ ಮಾತು ಇನ್ನೂ ಅರ್ಧ ಇದೆ' ಅಂತ ಒಂದೇ ಒಂದು ಮಾತು ಹೇಳ್ತೀಯಾ?"